ಬಫೆಲೋದ ಮೇಷ್ಟ್ರು, ಬೈರಾಪಟ್ಟಣದ ಕ್ರಯಪತ್ರ

ಒಂದು ಹೆಸರು ಹೇಳ್ತೀನಿ, ಕೇಳಿದ್ದೀರಾ ನೋಡಿ. ಸರಗೂರು ನರಸಿಂಹಮೂರ್ತಿ ಶ್ರೀಹರಿ.

ಇಲ್ಲ, ಅಲ್ವಾ? ನಮ್ಮ ನ್ಯೂಸ್‌ರೂಮಿನಲ್ಲೂ ಕೇಳಿ ನೋಡಿದೆ. ಒಬ್ಬ ಹುಡುಗ ‘ಹರಿಕಥೆ ದಾಸರಾ ಸಾರ್’ ಅಂದ. ಇನ್ನೊಬ್ಬಳು ‘ಹಳೇ ಎಂಎಲ್‌ಎ ಇರಬೇಕು’ ಅಂದಳು. ಎಲಾನ್ ಮಸ್ಕ್ ಯಾರು ಅಂತ ಕೇಳಿದ್ದರೆ ಅವರ ಮಕ್ಕಳ ಹೆಸರನ್ನೂ ಒಪ್ಪಿಸುತ್ತಿದ್ದರೇನೋ. ಕೃತಕ ಬುದ್ಧಿಮತ್ತೆ ಅಂದಕೂಡಲೇ ನಮಗೆ ಕ್ಯಾಲಿಫೋರ್ನಿಯಾ ಕಾಣುತ್ತೆ. ಕಪ್ಪು ಬಟ್ಟೆ ತೊಟ್ಟು ವೇದಿಕೆ ಮೇಲೆ ಓಡಾಡುವ ಕಂಪನಿ ಯಜಮಾನರು ಕಾಣುತ್ತಾರೆ. ನಮ್ಮ ಕನ್ನಡದ ಚಾನೆಲ್ಲೊಂದು 2023ರಲ್ಲೇ ಎಐ ನಿರೂಪಕಿಯನ್ನು ಕೂರಿಸಿ ವಾರ್ತೆ ಓದಿಸಿತು. ಅವತ್ತು ಮನೆಯಲ್ಲಿ ‘ಇನ್ನು ನಿಮ್ಮ ಕೆಲಸ ಎಷ್ಟು ದಿನ’ ಅಂತ ನನ್ನನ್ನು ಕೇಳಿದ್ದೂ ಉಂಟು. ಆದರೆ ಯಂತ್ರಕ್ಕೆ ಅಕ್ಷರಾಭ್ಯಾಸ ಮಾಡಿಸಿದವರು ಯಾರು? ಮನುಷ್ಯ ಗೀಚಿದ್ದನ್ನು ಓದು ಅಂತ ಅದರ ಮುಂದೆ ಕೂತು ತಿದ್ದಿಸಿದವರು ಯಾರು? ಆ ಸಾಲಿನಲ್ಲಿ ಮುಂದೆ ನಿಲ್ಲುವ ಮೇಷ್ಟ್ರು ಈ ಶ್ರೀಹರಿ.

ಹುಟ್ಟಿದ್ದು 1949ರ ಮೇ 7ರಂದು. ಹೆಸರಿನ ಮುಂದೆ ಊರನ್ನು ಕಟ್ಟಿಕೊಳ್ಳೋದು ಹಳೇ ಮೈಸೂರಿನವರ ಪದ್ಧತಿ ತಾನೇ. ಪ್ರಬಂಧಗಳಲ್ಲೆಲ್ಲ ಸರಗೂರ್ ಎನ್. ಶ್ರೀಹರಿ ಅಂತಲೇ ಅಚ್ಚಾದ್ದರಿಂದ ಅಮೆರಿಕದವರು ಊರಿನ ಹೆಸರನ್ನೇ ಮೊದಲ ಹೆಸರು ಮಾಡಿಬಿಟ್ಟರು. 1967ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರ, ಗಣಿತದಲ್ಲಿ ಬಿಎಸ್‌ಸಿ. ಆಮೇಲೆ ನಮ್ಮ ಜನ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆ. ಬಿಎಸ್‌ಸಿ ಮುಗಿಸಿದವರಿಗೆ ಅಲ್ಲಿ ಮೂರು ವರ್ಷದ ಬಿಇ ಕೊಡುತ್ತಿದ್ದ ಕಾಲ ಅದು. ವಿಜ್ಞಾನ ಓದಿದ ಹುಡುಗರು ಎಂಜಿನಿಯರ್ ಆಗೋದಕ್ಕೆ ಅದೊಂದು ಒಳದಾರಿ, ಒಳ್ಳೇ ದಾರಿ. 1970ರಲ್ಲಿ ಎಲೆಕ್ಟ್ರಿಕಲ್ ಕಮ್ಯುನಿಕೇಷನ್‌ನಲ್ಲಿ ಬಿಇ ಪಡೆದು ಅಮೆರಿಕಕ್ಕೆ ಹೊರಟರು. 1976ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ. 1978ರಿಂದ ಬಫೆಲೋ.

ಬಫೆಲೋ ಅಂದರೆ ನಯಾಗರಾ ಜಲಪಾತದ ಪಕ್ಕದ ಊರು. ಚಳಿಗಾಲದಲ್ಲಿ ಆಳೆತ್ತರ ಹಿಮ ಬೀಳುತ್ತೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳೋದಕ್ಕೆ ಸೇರಿದವರು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದರು. ಒಂದು ಮಾತು ಗಮನದಲ್ಲಿರಲಿ. ಆಗ ಎಐ ಅಂದರೆ ಯಾರಿಗೂ ಆಕರ್ಷಣೆ ಇರಲಿಲ್ಲ. 1973ರಲ್ಲಿ ಬ್ರಿಟನ್ನಿನ ಲೈಟ್‌ಹಿಲ್ ವರದಿ, ಈ ವಿಷಯದಲ್ಲಿ ಹೇಳಿದ್ದೆಷ್ಟೋ ಮಾಡಿದ್ದೆಷ್ಟೋ ಅಂತ ಮುಖಕ್ಕೆ ಹೊಡೆದಂತೆ ಹೇಳಿತ್ತು. ದುಡ್ಡು ಕೊಡುವವರು ಹಿಂದೆ ಸರಿದಿದ್ದರು. ಅಂಥ ಬರಗಾಲದಲ್ಲಿ ಈ ಹೊಲಕ್ಕೆ ಇಳಿದವರಿಗೆ ಹೊಟ್ಟೆಪಾಡಿಗೊಂದು ಗಟ್ಟಿ ಕೆಲಸ ಬೇಕಿತ್ತು. ಅದನ್ನು ಕೊಟ್ಟಿದ್ದು ಯಾರು ಗೊತ್ತಾ? ಅಂಚೆ ಇಲಾಖೆ.

ಅಮೆರಿಕದಲ್ಲಿ ಜಿಪ್ ಕೋಡ್ ಬಂದದ್ದು 1963ರಲ್ಲಿ, ನಮ್ಮಲ್ಲಿ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಟೈಪ್ ಮಾಡಿದ ವಿಳಾಸವನ್ನು ಯಂತ್ರಗಳು ಒಂದು ಮಟ್ಟಿಗೆ ಓದಿಬಿಡುತ್ತಿದ್ದವು. ಕೈಯಲ್ಲಿ ಬರೆದದ್ದು ಎದುರಾದರೆ ಮಾತ್ರ ಕಕ್ಕಾಬಿಕ್ಕಿ. ಅಜ್ಜಿ ಮೊಮ್ಮಗನಿಗೆ ಬರೆದ ಕ್ರಿಸ್‌ಮಸ್ ಕಾರ್ಡು, ಕುಡಿದವನು ಹೆಂಡತಿಗೆ ಬರೆದ ಕ್ಷಮಾಪಣೆ, ಎಲ್ಲವನ್ನೂ ಮನುಷ್ಯರೇ ಕೂತು ಓದಬೇಕು. ಅದಕ್ಕೆಂದೇ ಅಂಚೆ ಇಲಾಖೆ ದೂರದೂರದಲ್ಲಿ ಕೇಂದ್ರಗಳನ್ನು ತೆರೆಯಿತು. ಲಕೋಟೆಯ ಚಿತ್ರ ತೆರೆಯ ಮೇಲೆ ಬರುತ್ತೆ, ಕೂತವರು ಓದಿ ಕೀಲಿ ಒತ್ತುತ್ತಾರೆ, ಮುಂದಿನ ಲಕೋಟೆ. ಹೀಗೆ ಎಂಟು ಗಂಟೆ. 1990ರ ದಶಕದಲ್ಲಿ ಇಂಥ ಕೇಂದ್ರಗಳು ಐವತ್ತಕ್ಕೂ ಹೆಚ್ಚಿದ್ದವು.

ಈ ಕೆಲಸವನ್ನು ಯಂತ್ರದಿಂದ ಮಾಡಿಸಿ ಅನ್ನೋ ಸವಾಲು ಶ್ರೀಹರಿ ಮತ್ತು ಅವರ ವಿದ್ಯಾರ್ಥಿಗಳ ಮುಂದೆ ಬಂತು. 1991ರಲ್ಲಿ ಅಂಚೆ ಇಲಾಖೆಯ ನೆರವಿನಿಂದ ಬಫೆಲೋದಲ್ಲಿ ಸೀಡಾರ್ ಅನ್ನುವ ಸಂಶೋಧನಾ ಕೇಂದ್ರ ಎದ್ದಿತು. ಹೆಸರು ಬಿಡಿಸಿದರೆ ದಾಖಲೆ ವಿಶ್ಲೇಷಣೆ ಮತ್ತು ಗುರುತಿಸುವಿಕೆಯ ಕೇಂದ್ರ ಅಂತ. ಮೇಷ್ಟ್ರು ಬೆಳಿಗ್ಗೆ ತರಗತಿಯಲ್ಲಿ, ಮಧ್ಯಾಹ್ನ ಲಕೋಟೆಗಳ ರಾಶಿಯ ಮುಂದೆ. ಅಲ್ಲಿ ಸೋತ ಪ್ರಶ್ನೆಯನ್ನು ಇಲ್ಲಿಗೆ ತಂದು ಹುಡುಗರಿಗೆ ಕೊಡೋದು, ಇಲ್ಲಿ ಹುಟ್ಟಿದ ಉಪಾಯವನ್ನು ಅಲ್ಲಿಗೆ ಒಯ್ಯೋದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳವರು ‘ಇಂಡಸ್ಟ್ರಿ–ಅಕಾಡೆಮಿಯಾ ಕೊಲ್ಯಾಬರೇಷನ್’ ಅಂತ ಬ್ಯಾನರ್ ಕಟ್ಟಿ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ತಾರಲ್ಲ, ಅದರ ಒಳಗಿನ ತಿರುಳು ಇಷ್ಟೇ.

ಸರಿ, ಯಂತ್ರ ಓದೋದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದಕ್ಕೆ ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣವನ್ನೇ ಉದಾಹರಣೆಗೆ ತಗೊಳ್ತೀನಿ. ಈ ಊರೇ ಯಾಕೆ ಅಂದರೆ, ಇಷ್ಟೆಲ್ಲ ಓದೋದಕ್ಕೆ ನನ್ನನ್ನು ಹಚ್ಚಿದವರು ಅಲ್ಲಿನ ವೀಕ್ಷಕರೊಬ್ಬರು. ಅವರ ವಿಷಯ ಆಮೇಲೆ. ಈ ಊರಿಗೊಂದು ಕಾಗದ ಬಂತು ಅಂದುಕೊಳ್ಳಿ. ಒಬ್ಬರು ಬೈರಾಪಟ್ಟಣ ಅಂತ ಬರೀತಾರೆ, ಇನ್ನೊಬ್ಬರು ಭೈರಾಪಟ್ಟಣ ಅಂತಾರೆ, ಇಂಗ್ಲಿಷಿನಲ್ಲಿ ಅವರವರಿಗೆ ತೋಚಿದ ಸ್ಪೆಲ್ಲಿಂಗು. ಹೆಸರಿನ ಅರ್ಧ ಮಳೆಯಲ್ಲಿ ಅಳಿಸಿಹೋಗಿದೆ. ಪೋಸ್ಟ್‌ಮ್ಯಾನ್ ಹೇಗೆ ಓದ್ತಾರೆ? ಅಕ್ಷರ ಅಕ್ಷರ ಕೂಡಿಸಿಕೊಂಡಲ್ಲ. ತಾಲ್ಲೂಕು ಚನ್ನಪಟ್ಟಣ, ಪಿನ್ ಕೋಡ್ ಇಂಥದ್ದು, ಈ ಊರಲ್ಲಿ ಈ ಹೆಸರಿನವರು ಇಬ್ಬರೇ, ಅವರಲ್ಲಿ ಮಿಲಿಟರಿಯಲ್ಲಿ ಮಗ ಇರೋದು ಒಬ್ಬರಿಗೆ. ಮುಗೀತು, ಕಾಗದ ಮನೆ ಸೇರಿತು. ಓದಿದ್ದು ಅರ್ಧ ಕಣ್ಣು, ಅರ್ಧ ಊರಿನ ತಿಳಿವಳಿಕೆ.

ಬಫೆಲೋದವರು ಯಂತ್ರಕ್ಕೆ ಕಲಿಸಿದ್ದೂ ಇದನ್ನೇ. ಲಕೋಟೆಯಲ್ಲಿ ವಿಳಾಸ ಎಲ್ಲಿದೆ ಅಂತ ಮೊದಲು ಹುಡುಕು. ಸಾಲು ಬಿಡಿಸು. ಕೊನೆಯ ಸಾಲಿನ ಜಿಪ್ ಕೋಡ್ ಓದು. ಆ ಕೋಡಿನ ವ್ಯಾಪ್ತಿಯಲ್ಲಿ ಇರುವ ಬೀದಿಗಳು, ಮನೆ ನಂಬರುಗಳು ಯಾವುವು ಅನ್ನೋ ಪಟ್ಟಿ ಅಂಚೆ ಇಲಾಖೆಯಲ್ಲಿದೆ, ಅದನ್ನು ಎಳೆದುಕೋ. ಈಗ ನೀನು ಜಗತ್ತಿನ ಎಲ್ಲ ಪದಗಳಲ್ಲಿ ಒಂದನ್ನು ಹುಡುಕಬೇಕಿಲ್ಲ. ಪಟ್ಟಿಯಲ್ಲಿರುವ ಕೆಲವೇ ಬೀದಿಗಳಲ್ಲಿ ಈ ಗೀಚಿಗೆ ಯಾವುದು ಹೆಚ್ಚು ಹೊಂದುತ್ತೆ ಅಂತ ನೋಡಿದರೆ ಸಾಕು. ಅನುಮಾನ ಉಳಿಯಿತಾ, ಸುಮ್ಮನೆ ಮನುಷ್ಯರ ಕೈಗೆ ಕೊಡು. ಈ ಕಡೇ ಮಾತು ನನಗೆ ಬಹಳ ಹಿಡಿಸಿದ್ದು. ಗೊತ್ತಿಲ್ಲ ಅನ್ನೋದನ್ನೂ ಯಂತ್ರಕ್ಕೆ ಕಲಿಸಿದ್ದರು. (ಟೀವಿ ಚರ್ಚೆಗೆ ಬರುವ ಎಷ್ಟೋ ಪಂಡಿತರಿಗೆ ನಾವು ಇದನ್ನಿನ್ನೂ ಕಲಿಸೋದಕ್ಕಾಗಿಲ್ಲ.)

1990ರ ದಶಕದ ಕೊನೆಗೆ ಕೈಬರಹದ ವಿಳಾಸ ಓದುವ ಈ ವ್ಯವಸ್ಥೆ ಅಮೆರಿಕದ ಅಂಚೆಯಲ್ಲಿ ಓಡತೊಡಗಿತು. ಇಷ್ಟು ದೊಡ್ಡ ಪ್ರಮಾಣದಲ್ಲಿ ಕೈಬರಹ ಓದಿದ ಮೊದಲ ವ್ಯವಸ್ಥೆಗಳಲ್ಲಿ ಇದೂ ಒಂದು. ಕೂತು ಕೀಲಿ ಒತ್ತುತ್ತಿದ್ದವರು? ಕೇಂದ್ರಗಳು ಒಂದೊಂದಾಗಿ ಬಾಗಿಲು ಹಾಕಿದವು. 2013ರ ಹೊತ್ತಿಗೆ ಯಂತ್ರಕ್ಕೂ ಓದಲಾಗದ ಕಾಗದಗಳೆಲ್ಲ ಸಾಲ್ಟ್ ಲೇಕ್ ಸಿಟಿ ಅನ್ನುವ ಒಂದೇ ಊರಿಗೆ ಹೋಗುವಂತಾಯಿತು. ಇವತ್ತು ಚಾಟ್‌ಜಿಪಿಟಿ ಬಂದು ಕೆಲಸ ಹೋಗುತ್ತೆ ಅಂತ ಕೂಗ್ತೀವಲ್ಲ, ಆ ಕಥೆ ಅಲ್ಲಿ ಆಗಲೇ ಒಂದು ಸುತ್ತು ಮುಗಿದಿತ್ತು.

ಈಗ ಬಫೆಲೋದಿಂದ ಹೊರಟ ಇನ್ನೊಂದು ದಾರಿ ನೋಡಿ. 1988ರಲ್ಲಿ ಯಾನ್ ಲೆಕೂನ್ ಅನ್ನುವ ಫ್ರೆಂಚ್ ತರುಣ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದರು. ಬೆಲ್ ಅಂದರೆ ಟೆಲಿಫೋನ್ ಕಂಪನಿಯ ಸಂಶೋಧನಾಲಯ, ಶುದ್ಧ ಉದ್ಯಮದ ಜಾಗ. ಮರುವರ್ಷವೇ ಅವರು ಮತ್ತು ಸಂಗಡಿಗರು ಮಿದುಳಿನ ನರಜಾಲದ ಮಾದರಿಯಲ್ಲಿ ಅಂಕಿ ಓದುವ ಪ್ರೋಗ್ರಾಂ ಒಂದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಇವತ್ತಿನ ಡೀಪ್ ಲರ್ನಿಂಗ್ ಅನ್ನುವ ಮರದ ತಾಯಿಬೇರುಗಳಲ್ಲಿ ಅದೂ ಒಂದು. ಆ ಯಂತ್ರಕ್ಕೆ ಪಾಠ ಮಾಡೋದಕ್ಕೆ, ಪರೀಕ್ಷೆ ಮಾಡೋದಕ್ಕೆ ಬಳಸಿದ್ದು 9,298 ಕೈಬರಹದ ಅಂಕಿಗಳನ್ನು. ಅವು ಎಲ್ಲಿಂದ ಬಂದವು ಅಂದುಕೊಂಡಿರಿ? ಬಫೆಲೋ ಅಂಚೆ ಕಚೇರಿಯ ಮೂಲಕ ಹಾದುಹೋದ ಕಾಗದಗಳ ಮೇಲಿನ ಜಿಪ್ ಕೋಡುಗಳಿಂದ! ಯಾರೋ ಗೃಹಿಣಿ, ಯಾರೋ ಅಂಗಡಿಯವನು ತಮಗೆ ಗೊತ್ತೇ ಇಲ್ಲದಂತೆ ಯಂತ್ರದ ಮೇಷ್ಟ್ರಾಗಿದ್ದರು. ಲೆಕೂನ್ ಆಮೇಲೆ 2003ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 2013ರಲ್ಲಿ ಪಾಠ ಬಿಡದೆ ಫೇಸ್‌ಬುಕ್ಕಿನ ಎಐ ಸಂಶೋಧನೆಯ ಮುಖ್ಯಸ್ಥರೂ ಆದರು. ಇನ್ನಿಬ್ಬರ ಜೊತೆ 2018ರ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡರು. ಅವರ ಹೆಸರು ಎಲ್ಲರಿಗೂ ಗೊತ್ತು, ಶ್ರೀಹರಿ ಹೆಸರು ನಮಗೇ ಗೊತ್ತಿಲ್ಲ. ಇರಲಿ. ಪ್ರಚಾರಕ್ಕೂ ಯೋಗ್ಯತೆಗೂ ಇರುವ ನೆಂಟಸ್ತನ ಎಂಥದ್ದು ಅಂತ ಈ ಕಸುಬಿನಲ್ಲಿರೋ ನನಗೆ ಯಾರೂ ಹೇಳಬೇಕಿಲ್ಲ.

ಶ್ರೀಹರಿ ಅಂಚೆಯಿಂದ ಕೋರ್ಟಿಗೆ ನಡೆದರು. 1993ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಡಾಬರ್ಟ್ ಪ್ರಕರಣದಲ್ಲಿ ಒಂದು ಮಾತು ಹೇಳಿತ್ತು. ಸಾಕ್ಷಿಗೆ ಬರುವ ತಜ್ಞ ತನ್ನ ಅನುಭವ ಹೇಳಿದರೆ ಸಾಲದು, ವಿಧಾನ ವೈಜ್ಞಾನಿಕ ಅನ್ನೋದಕ್ಕೆ ಆಧಾರ ಬೇಕು. ಆಗ ಎದ್ದ ಪ್ರಶ್ನೆ: ಒಬ್ಬೊಬ್ಬರ ಕೈಬರಹ ಒಂದೊಂದು ಥರ ಅಂತ ಎಲ್ಲರೂ ಅಂತಾರೆ, ಲೆಕ್ಕ ಹಾಕಿ ತೋರಿಸಿದವರು ಯಾರು? ಶ್ರೀಹರಿ ತಂಡ 1,500 ಜನರನ್ನು ಕೂರಿಸಿ 156 ಪದಗಳ ಒಂದೇ ಪತ್ರವನ್ನು ಮೂರು ಮೂರು ಸಲ ನಕಲು ಮಾಡಿಸಿತು. ಅಕ್ಷರದ ಓರೆ, ಎತ್ತರ, ಒತ್ತು, ತಿರುವು ಎಲ್ಲ ಅಳೆದು ಯಾರ ಬರಹ ಯಾರದು ಅಂತ ಕಂಪ್ಯೂಟರಿನಿಂದಲೇ ಹೇಳಿಸಿತು. ಬಹುಪಾಲು ಸರಿಯಾಗಿತ್ತು. 2002ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಕೈಬರಹದ ಪ್ರಶ್ನೆ ಬಂದಾಗಲೆಲ್ಲ ಈಗಲೂ ಮುಂದಿಡುತ್ತಾರೆ.

ಇಲ್ಲಿಗೇ ನಿಂತಿದ್ದರೆ ‘ನನ್ನ ಯಂತ್ರ ಕಳ್ಳನನ್ನು ಹಿಡಿಯುತ್ತೆ’ ಅಂತ ಅಂಗಡಿ ತೆರೆಯಬಹುದಿತ್ತು. ಆದರೆ ಅಮೆರಿಕದ ರಾಷ್ಟ್ರೀಯ ಅಕಾಡೆಮಿ ಅಪರಾಧ ಪತ್ತೆ ವಿಜ್ಞಾನವನ್ನು ಒರೆಗೆ ಹಚ್ಚೋದಕ್ಕೆ ಸಮಿತಿ ಮಾಡಿದಾಗ ಇವರೂ ಸದಸ್ಯರಾದರು. ಡಿಎನ್‌ಎ ಒಂದನ್ನು ಬಿಟ್ಟರೆ ಬೇರೆ ಯಾವ ವಿಧಾನವೂ ‘ಇದು ಇದೇ ವ್ಯಕ್ತಿಯದು’ ಅಂತ ಖಚಿತವಾಗಿ ಹೇಳಬಲ್ಲದು ಅನ್ನೋದು ಕಟ್ಟುನಿಟ್ಟಾಗಿ ಸಾಬೀತಾಗಿಲ್ಲ ಅಂತ ಆ ಸಮಿತಿ 2009ರಲ್ಲಿ ವರದಿ ಕೊಟ್ಟಿತು. ತಾನೇ ದುಡಿದ ಹೊಲದ ಇಳುವರಿ ಇನ್ನೂ ಸಾಲದು ಅನ್ನೋ ವರದಿಗೆ ಸಹಿ ಹಾಕೋದಿದೆಯಲ್ಲ, ಅದು ಮೇಷ್ಟ್ರ ಗುಣ, ವ್ಯಾಪಾರಿಯದ್ದಲ್ಲ. ನಮ್ಮಲ್ಲೂ ಕೈಬರಹ ತಜ್ಞರ ಅಭಿಪ್ರಾಯಕ್ಕೆ ಕೋರ್ಟಿನಲ್ಲಿ ಜಾಗ ಇದೆ. ಹಳೇ ಸಾಕ್ಷ್ಯ ಕಾಯ್ದೆಯ 45ನೇ ಕಲಂ. ತಜ್ಞರು ಹೇಳಿದ್ದೇ ವೇದವಾಕ್ಯ ಅಂತ ಬ್ರೇಕಿಂಗ್ ನ್ಯೂಸ್ ಹಾಕುವ ಮೊದಲು ಆ ವರದಿ ಓದೋದು ಒಳ್ಳೇದು.

ಈಗ ಬೈರಾಪಟ್ಟಣದ ಯಜಮಾನರ ವಿಷಯ. ಎಐ ಬಗ್ಗೆ ನಾವು ಮಾಡಿದ ಒಂದು ಕಾರ್ಯಕ್ರಮದ ಮಧ್ಯೆ ಅವರ ಫೋನ್ ಬಂತು.

‘ಸಾ, ನಮ್ ತಾತನ ಕಾಲದ್ದೊಂದು ಕ್ರಯಪತ್ರ ಐತೆ. ಓದಕ್ಕೇ ಆಗ್ತಿಲ್ಲ. ಓದೋರೊಬ್ರಿದ್ರು, ಹೋದ್ ವರ್ಸ ತೀರ್ಕಂಡ್ರು. ನೀವು ಹೇಳೋ ಎಐ ಇದನ್ನ ಓದ್ತದಾ?’

‘ಯಜಮಾನ್ರೇ, ಫೋಟೋ ಕಳಿಸಿ, ನೋಡೋಣ’ ಅಂದೆ.

ವಾಟ್ಸ್‌ಆ್ಯಪ್‌ನಲ್ಲಿ ಬಂತು. ಛಾಪಾ ಕಾಗದ, ಮಡಿಕೆಯಲ್ಲಿ ಹರಿದಿದೆ. ಲೇಖನಿ ಎತ್ತದೆ ಎಳೆದುಕೊಂಡು ಹೋದ ಶಾನುಭೋಗರ ಕಾಲದ ಬರಹ. ಕೆಳಗೆ ಬರೆದವರ ಬಿಕ್ಕಲಂ. ಫೋನಿನಲ್ಲಿದ್ದ ಆ್ಯಪ್ ಒಂದಕ್ಕೆ ಹಾಕಿದೆ. ಐದು ಸೆಕೆಂಡಿಗೆ ಅಚ್ಚುಕಟ್ಟಾದ ಕನ್ನಡ ಹೊರಬಂತು. ಎಷ್ಟು ಚೆನ್ನಾಗಿತ್ತು ಅಂದರೆ ಅನುಮಾನವೇ ಬರುವಂತಿರಲಿಲ್ಲ. ಆಮೇಲೆ ಹಳೇ ಪತ್ರ ಓದಿ ಅಭ್ಯಾಸ ಇರುವ ವಕೀಲರೊಬ್ಬರಿಗೆ ತೋರಿಸಿದೆ. ಅವರು ಚಕ್ಕುಬಂದಿಯ ಹತ್ತಿರ ಬೆರಳಿಟ್ಟರು. ಪತ್ರದಲ್ಲಿ ಇದ್ದದ್ದು ‘ಪಡುವಲು’. ಆ್ಯಪ್ ಓದಿದ್ದು ‘ಬಡಗಲು’. ಪಶ್ಚಿಮ ಹೋಗಿ ಉತ್ತರವಾಗಿತ್ತು. ಪಕ್ಕದ ಜಮೀನಿನವರ ಗಡಿ ಒಂದು ದಿಕ್ಕು ತಿರುಗಿ ಕೂತಿತ್ತು. ಒಂದು ದಿಕ್ಕು ತಪ್ಪಿದರೆ ಎರಡು ತಲೆಮಾರು ಕೋರ್ಟು ಅಲೆಯಬೇಕು ಅನ್ನೋದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾ?

ಬಫೆಲೋದ ಯಂತ್ರವಾಗಿದ್ದರೆ ಅನುಮಾನ ಬಂದ ಪದವನ್ನು ಪಕ್ಕಕ್ಕಿಟ್ಟು ಮನುಷ್ಯರನ್ನು ಕರೆಯುತ್ತಿತ್ತು. ಇದು ಕರೆಯಲಿಲ್ಲ.

ಕನ್ನಡ ಕಷ್ಟ, ಒಪ್ಪೋಣ. ಇಂಗ್ಲಿಷಿಗೆ 26 ಅಕ್ಷರ. ನಮ್ಮದು 49ರ ವರ್ಣಮಾಲೆ, ಮೇಲೆ ಕಾಗುಣಿತ, ಕೆಳಗೆ ಒತ್ತು. 34 ವ್ಯಂಜನಕ್ಕೆ 34 ಒತ್ತು, ಅದರ ಮೇಲೆ ಸ್ವರಗಳು ಅಂತ ಕಾಗದದ ಮೇಲೆ ಗುಣಿಸಿದರೆ ಹದಿನೈದು ಸಾವಿರ ದಾಟುತ್ತೆ. ಎಲ್ಲವೂ ಬಳಕೆಯಲ್ಲಿಲ್ಲ, ಆದರೂ ಲೆಕ್ಕ ಲೆಕ್ಕವೇ. ಬಕ್ಕೂ ಭಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ಆ ಸೀಳನ್ನು ಅವಸರದಲ್ಲಿ ಯಾರು ಹಾಕ್ತಾರೆ? ಬೈರಾಪಟ್ಟಣ, ಭೈರಾಪಟ್ಟಣ ಎರಡೂ ಕೈಬರಹದಲ್ಲಿ ಒಂದೇ.

ಕೆಲಸ ನಡೆದೇ ಇಲ್ಲ ಅಂತಲ್ಲ. ಶ್ರೀಹರಿ ಓದಿದ ಅದೇ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡ ಓದುವ ‘ಲಿಪಿ ಜ್ಞಾನಿ’ ಮಾಡಿತು. ಅವರ ಕೆಲಸದಿಂದ ಅಂಧರಿಗೆ ಬ್ರೈಲ್ ಪುಸ್ತಕಗಳಾದವು. 2019ರಲ್ಲಿ ವಿನಯ್ ಪ್ರಭು ಅನ್ನುವ ಸಂಶೋಧಕರು ಬೆಂಗಳೂರಿನ 65 ಜನ ಸ್ವಯಂಸೇವಕರಿಂದ ಕನ್ನಡ ಅಂಕಿಗಳನ್ನು ಬರೆಸಿ ‘ಕನ್ನಡ ಎಂನಿಸ್ಟ್’ ಅನ್ನುವ ಸಂಗ್ರಹ ಮಾಡಿ ಜಗತ್ತಿಗೇ ಬಿಟ್ಟರು. ಬಫೆಲೋದ ಲಕೋಟೆಗಳ ಮೊಮ್ಮಗು ಅಂತ ನಾನದನ್ನು ಕರೀತೀನಿ. ತಮಾಷೆ ಏನಪ್ಪಾ ಅಂದರೆ, ಕನ್ನಡ ಅಂಕಿ ಓದಬಲ್ಲ ಪ್ರೋಗ್ರಾಂಗಳನ್ನು ದೇಶವಿದೇಶದ ಹುಡುಗರು ಬರೆದರು, ಕನ್ನಡ ಅಂಕಿಯಲ್ಲಿ ಬರೆಯೋದನ್ನು ನಾವು ಬಿಟ್ಟೆವು. ಈ ಪುಸ್ತಕದ ಪುಟ ಸಂಖ್ಯೆ ನೋಡಿಕೊಳ್ಳಿ.

ಕ್ರಯಪತ್ರದ ಬಗ್ಗೆ ಯೋಚಿಸ್ತಾ ಹೋದಂತೆ ನನಗೆ ಹೊಳೆದದ್ದು ಇಷ್ಟು. ಕಾದಂಬರಿ ಓದಿಸೋದಕ್ಕಿಂತ ಕ್ರಯಪತ್ರ ಓದಿಸೋದು ಸುಲಭವಾಗಬೇಕು. ಯಾಕೆಂದರೆ ಅದೂ ಲಕೋಟೆಯ ವಿಳಾಸದ ಥರವೇ. ಅದರಲ್ಲಿ ಬರುವ ಪದಗಳು ಎಣಿಕೆಯವು. ಮೂಡಲು, ಪಡುವಲು, ತೆಂಕಲು, ಬಡಗಲು. ಖುಷ್ಕಿ, ತರಿ, ಬಾಗಾಯ್ತು. ಎಕರೆ, ಗುಂಟೆ. ಊರಿಗೆ ಇಷ್ಟೇ ಸರ್ವೆ ನಂಬರು, ಅವು ಗ್ರಾಮನಕಾಶೆಯಲ್ಲಿವೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ಸುಮಾರು 2 ಕೋಟಿ ಪಹಣಿಗಳನ್ನು ಮನುಷ್ಯರೇ ಕೂತು ಕಂಪ್ಯೂಟರಿಗೆ ಏರಿಸಿದರು. ಅಮೆರಿಕದ ಅಂಚೆಗೆ ಬೀದಿ ಪಟ್ಟಿ ಇದ್ದಂತೆ ನಮ್ಮ ಕೈಯಲ್ಲಿ ಆ ಪಹಣಿ ಪಟ್ಟಿ ಇದೆ. ಇಂಥ ಸರ್ವೆ ನಂಬರಿನ ಪಶ್ಚಿಮಕ್ಕೆ ಯಾವ ನಂಬರು ಬರುತ್ತೆ ಅಂತ ನಕಾಶೆ ನೋಡಿ ತಾಳೆ ಹಾಕಿದ್ದರೆ ಆ್ಯಪ್ ಪಡುವಲನ್ನು ಬಡಗಲು ಮಾಡುತ್ತಿರಲಿಲ್ಲ. ರಾಮನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕೊನೇ ವರ್ಷದ ಪ್ರಾಜೆಕ್ಟಿಗೆ ಮುಖ ಗುರುತಿಸುವ ಹಾಜರಿ ಯಂತ್ರವನ್ನೇ ಎಷ್ಟು ಸಲ ಮಾಡ್ತೀರಿ ಮಕ್ಕಳೇ? ಇದನ್ನು ಹಿಡೀರಿ.

ಅದೇ ಜಿಲ್ಲೆಯ ಬಿಡದಿಯಲ್ಲಿ ದೇಶದ ಮೊದಲ ಎಐ ನಗರ ಕಟ್ತೀವಿ ಅಂತ ಸರ್ಕಾರ ಸಾವಿರಾರು ಎಕರೆ ಗುರುತು ಹಾಕಿದೆ. ಜಮೀನು ಕೊಡಲ್ಲ ಅಂತ ರೈತರು ಧರಣಿ ಕೂತಿದ್ದಾರೆ. ಯಾರು ಸರಿ ಅನ್ನೋ ವಾದ ಇನ್ನೊಂದು ದಿನಕ್ಕಿರಲಿ. ನನ್ನ ತಕರಾರು ಚಿಕ್ಕದು. ರೈತನ ಜಮೀನು ಬೇಕು ಅನ್ನುವ ಎಐಗೆ ಆ ರೈತನ ತಾತನ ಪತ್ರ ಓದೋದಕ್ಕೆ ಬರಬೇಕೋ ಬೇಡವೋ?

ಶ್ರೀಹರಿ 2022ರ ಮಾರ್ಚ್ 8ರಂದು ತೀರಿಕೊಂಡರು. ಪತ್ನಿ ರೋಹಿಣಿ ಶ್ರೀಹರಿ ಅದೇ ವಿಶ್ವವಿದ್ಯಾಲಯದಲ್ಲಿ ಭಾಷೆ ಮತ್ತು ಎಐ ಕುರಿತ ಪ್ರಾಧ್ಯಾಪಕಿ, ಸ್ವಂತ ಕಂಪನಿ ಕಟ್ಟಿದವರು. ಶಿಷ್ಯ ವೇಣು ಗೋವಿಂದರಾಜು ಅಲ್ಲೇ ಪ್ರಾಧ್ಯಾಪಕರಾಗಿ ಕೈಬರಹದ ಕೆಲಸವನ್ನು ಮುಂದುವರಿಸಿದರು. ಮೇಷ್ಟ್ರು ಕೊನೆಯ ವರ್ಷಗಳವರೆಗೂ ಮಷೀನ್ ಲರ್ನಿಂಗ್, ಡೀಪ್ ಲರ್ನಿಂಗ್ ಪಾಠ ಹೇಳಿದರು. ಪಾಠದ ಟಿಪ್ಪಣಿಗಳನ್ನು ಯಾರು ಬೇಕಾದರೂ ಓದಿಕೊಳ್ಳುವಂತೆ ತೆರೆದಿಟ್ಟರು. ಶುಲ್ಕ ಇಲ್ಲ, ಕೋಚಿಂಗ್ ಸೆಂಟರ್ ಇಲ್ಲ.

ನಮ್ಮ ಕಂದಾಯ ಇಲಾಖೆ 2024ರಿಂದ ಭೂ ಸುರಕ್ಷಾ ಅನ್ನುವ ಹೆಸರಿನಲ್ಲಿ ರೆಕಾರ್ಡ್ ರೂಮಿನ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಒಳ್ಳೇ ಕೆಲಸ, ಗೆದ್ದಲಿನಿಂದ, ಕಳ್ಳರಿಂದ ಉಳಿಯುತ್ತೆ. ಆದರೆ ಸ್ಕ್ಯಾನ್ ಅಂದರೆ ಚಿತ್ರ. ಅದು ಓದಿದ ಹಾಗಲ್ಲ. ಯಂತ್ರಕ್ಕೆ ಕಲಿಸಬೇಕಾದರೆ ಬಫೆಲೋದಲ್ಲಿ ಮಾಡಿದಂತೆ ಪ್ರತಿ ಗೀಚಿನ ಪಕ್ಕ ‘ಇದು ಇಂಥ ಪದ’ ಅಂತ ಗೊತ್ತಿದ್ದವರು ಬರೆದಿಡಬೇಕು, ಸಾವಿರಾರು ಸಲ ಬರೆದಿಡಬೇಕು. ಗೊತ್ತಿದ್ದವರು ಅಂದರೆ ಹಳೇ ಪತ್ರ ಬರಹಗಾರರು, ನಿವೃತ್ತ ಗ್ರಾಮ ಲೆಕ್ಕಿಗರು, ಶಾನುಭೋಗರ ಮನೆಯವರು. ವಂಶಪಾರಂಪರ್ಯ ಶಾನುಭೋಗಿಕೆ ರದ್ದಾಗಿದ್ದು 1961ರ ಕಾಯ್ದೆಯಿಂದ, ಜಾರಿಗೆ ಬಂದದ್ದು 1963ರಲ್ಲಿ. ಅವತ್ತು ಅಪ್ಪನ ಪಕ್ಕ ಕೂತು ಲೆಕ್ಕದ ಪುಸ್ತಕ ಬರೆಯುತ್ತಿದ್ದ ಇಪ್ಪತ್ತರ ಹುಡುಗನಿಗೆ ಈಗ ಎಂಬತ್ತು ದಾಟಿದೆ.